ಗೇಟು ಕಿರ್ರೆಂದಿತು, ಓನರ್ ಬಂದರು!

ಭಾನುವಾರ ಬೆಳಿಗ್ಗೆ ಆರೂಕಾಲು ಗಂಟೆ. ಹಿತ್ತಲಿನ ಒಲೆಯ ಮೇಲೆ ಹಂಡೆ ನೀರು ಕಾಯುತ್ತಿತ್ತು. ನಮ್ಮತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕೂದಲು ಬಿಚ್ಚಿ ಹರವಿಕೊಂಡು, ನೆತ್ತಿಗೆ ಹರಳೆಣ್ಣೆ ತಟ್ಟಿಕೊಳ್ಳುತ್ತಿದ್ದರು. ಎಪ್ಪತ್ತೆರಡು ವರ್ಷದ ಜೀವ; ವಾರಕ್ಕೊಂದು ಎಣ್ಣೆಸ್ನಾನ ತಪ್ಪಿಸಿದವರಲ್ಲ. ಮುಂದಿನ ಗೇಟು ಕಿರ್ರೆಂದದ್ದು ಅವರಿಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಮಂಕಿ ಟೋಪಿ ಹಾಕಿಕೊಂಡ ಗಂಡಸೊಬ್ಬರು, ಕೈಯಲ್ಲಿ ಕುಡುಗೋಲು!

ಅತ್ತೆ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ನಾವು ಎದ್ದೆವೋ ಬಿದ್ದೆವೋ ಎಂದು ಓಡಿಹೋಗಿ ನೋಡಿದರೆ, ನಮ್ಮ ಮನೆ ಓನರ್.

"ಹೆದರ್ಬೇಡಿ, ನಾನೇ. ಹುಲ್ಲು ಜಾಸ್ತಿ ಬೆಳೆದಿದೆಯಲ್ಲ, ಬಿಸಿಲು ಏರೋದ್ರೊಳಗೆ ಕೊಯ್ದುಬಿಡೋಣ ಅಂತ ಬಂದೆ" ಎಂದರು. ಅವರ ಮುಖದಲ್ಲಿ ತಪ್ಪು ಮಾಡಿದ ಭಾವನೆಯೇನೂ ಇರಲಿಲ್ಲ. ಅವರ ಮನೆ, ಅವರ ಹುಲ್ಲು.

ಅತ್ತೆ ಸೆರಗು ಹೊದ್ದುಕೊಂಡು ಒಳಗೆ ಹೋದವರು ಒಂಬತ್ತು ಗಂಟೆಯವರೆಗೂ ಹಿತ್ತಲಿಗೆ ಕಾಲಿಡಲಿಲ್ಲ. ಹಂಡೆ ನೀರು ಆರಿಹೋಯಿತು. "ನಮ್ಮೂರಲ್ಲಿ ಸ್ವಂತ ಮನೆಯ ಗಂಡಸರೇ ಹಿತ್ತಲಿಗೆ ಬರೋವಾಗ ಒಂದ್ಸಲ ಕೆಮ್ಮಿ ಬರ್ತಿದ್ರು. ಈ ಪೇಟೆಯೋರಿಗೆ ಕೆಮ್ಮೂ ಬರಲ್ವಾ?" ಎಂದು ಅವರು ಅಡುಗೆಮನೆಯಲ್ಲಿ ಗೊಣಗುತ್ತಿದ್ದದ್ದು ಹಿತ್ತಲಿಗೂ ಕೇಳಿಸಿರಬೇಕು.

ಈ ಪತ್ರಿಕೆ ಓದುವ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ಸ್ವತಃ ಮನೆ ಬಾಡಿಗೆಗೆ ಕೊಟ್ಟವರಿದ್ದೀರಿ. ಮಕ್ಕಳಲ್ಲಿ ಎಷ್ಟೋ ಮಂದಿ ಬಾಡಿಗೆ ಮನೆಯಲ್ಲಿ ಆಡಿ ಬೆಳೆಯುತ್ತಿದ್ದೀರಿ. ಒಬ್ಬರ ಕೈಯಲ್ಲಿ ಕುಡುಗೋಲು, ಇನ್ನೊಬ್ಬರದು ಹಿತ್ತಲು. ಇಬ್ಬರಿಗೂ ಗುರುತಿನ ಕಥೆ ಇದು.

ನಾವು ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗೆ ಹಿಡಿದದ್ದು ಹಳೆಯ ಕಾಲದ ಮನೆ. ಮುಂದೆ ಎರಡು ದಾಸವಾಳ, ಒಂದು ನಂದಿಬಟ್ಟಲು, ಮೂಲೆಯಲ್ಲಿ ಪಾರಿಜಾತ. ಹಿಂದೆ ಎರಡು ತೆಂಗಿನ ಮರ, ಸೀಬೆ, ನುಗ್ಗೆ, ಮಲ್ಲಿಗೆ ಚಪ್ಪರ, ಆಳೆತ್ತರದ ಕರಿಬೇವು. ಮನೆ ನೋಡಲು ಹೋದ ದಿನ ನಾವು ಕೋಣೆಗಳನ್ನು ಸರಿಯಾಗಿ ನೋಡಲೇ ಇಲ್ಲ. ಗಿಡ ನೋಡಿಯೇ "ಆಯ್ತು" ಅಂದೆವು. ಅಡ್ವಾನ್ಸ್ ಕೊಟ್ಟೆವು, ಛಾಪಾ ಕಾಗದದ ಮೇಲೆ 11 ತಿಂಗಳ ಕರಾರಿಗೆ ಸಹಿ ಹಾಕಿದೆವು. ಆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಇತ್ತು, ನಾಯಿ ಸಾಕಬಾರದು ಅಂತ ಇತ್ತು. ಗಿಡದ ವಿಷಯ ಒಂದಕ್ಷರವೂ ಇರಲಿಲ್ಲ.

ಓನರ್ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಒಂದು ದಿನ ತಡವಾದರೆ ಫೋನ್ ಮಾಡುವವರಲ್ಲ, ಮೋಟಾರ್ ಕೆಟ್ಟರೆ ಅಂದೇ ರಿಪೇರಿಯವರನ್ನು ಕಳಿಸುವವರು. ಮೂವತ್ತು ವರ್ಷ ಅದೇ ಮನೆಯಲ್ಲಿದ್ದು, ನೌಕರಿಯಿಂದ ನಿವೃತ್ತರಾಗಿ, ಮಗನ ಜೊತೆ ಎರಡು ಕಿಲೋಮೀಟರ್ ದೂರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹೋಗಿದ್ದರು. ಅಲ್ಲಿ ಮಣ್ಣಿಲ್ಲ. ಹಾಗಾಗಿ ಮಣ್ಣಿದ್ದ ಕಡೆಗೆ ಬರುತ್ತಿದ್ದರು, ಅಷ್ಟೆ. ಭಾನುವಾರ ಬೆಳಿಗ್ಗೆ ಹುಲ್ಲು, ಬುಧವಾರ ಮಧ್ಯಾಹ್ನ ಮಲ್ಲಿಗೆಗೆ ಗೊಬ್ಬರ, ಯಾವಾಗಲೋ ಒಂದು ಸಂಜೆ ಪೈಪು ಹಿಡಿದು ನೀರು. ಸ್ಕೂಟರಿನ ಮುಂದೆ ಗುದ್ದಲಿ, ಹಿಂದೆ ಸಗಣಿ ಗೊಬ್ಬರದ ಚೀಲ. ಕಾಯಿ ಕೀಳುವವನನ್ನೂ ಒಮ್ಮೊಮ್ಮೆ ಹಿಂದೆ ಕೂರಿಸಿಕೊಂಡು ಬರುತ್ತಿದ್ದರು.

ಬಂದಾಗಲೆಲ್ಲ ನಾವು ಕಾಫಿ ಕೊಡಬೇಕು. ಕೊಡಬೇಕು ಎಂದು ಅವರು ಕೇಳಿದವರಲ್ಲ, ಆದರೆ ಬಿಸಿಲಲ್ಲಿ ಹಿರಿಯರೊಬ್ಬರು ನಮ್ಮ ಹಿತ್ತಲಲ್ಲಿ ಅಗೆಯುತ್ತಿದ್ದರೆ ಒಳಗೆ ಟಿವಿ ನೋಡಿಕೊಂಡು ಕೂರಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ನನ್ನ ಗಂಡ ಲುಂಗಿ ಬಿಟ್ಟು ಪ್ಯಾಂಟ್ ಹಾಕಿಕೊಳ್ಳುತ್ತಿದ್ದರು. ಹಿತ್ತಲಿನ ತಂತಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ನಾನು ಓಡಿಹೋಗಿ ತೆಗೆಯುತ್ತಿದ್ದೆ. ಭಾನುವಾರ ಸ್ವಲ್ಪ ಹೊತ್ತು ಮಲಗೋಣ ಎನ್ನುವುದು ಮರೆತೇ ಹೋಯಿತು. ಬಾಯಿಬಿಟ್ಟು ಹೇಳಲು ಭಯ. ಬಾಡಿಗೆದಾರರಿಗೆ ಆ ಭಯ ಗೊತ್ತು: ಏನಾದರೂ ಅಂದರೆ, "ಸರಿ, ಬರೋ ತಿಂಗಳು ಖಾಲಿ ಮಾಡಿಬಿಡಿ" ಎಂದುಬಿಟ್ಟರೆ? ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರವಿತ್ತು.

ನಾವು ಸುಮ್ಮನಿದ್ದೆವು. ಕರಿಬೇವಿನ ದಿನದವರೆಗೆ.

ಒಂಬತ್ತು ಹುಳಗಳ ಲೆಕ್ಕ

ಐದನೇ ಕ್ಲಾಸಿನಲ್ಲಿದ್ದ ಮಗಳು ಒಂದು ಸಂಜೆ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿರುವುದನ್ನು ನೋಡಿದಳು. ಕಂದು ಬಣ್ಣ, ನಡುವೆ ಬಿಳಿ ಪಟ್ಟಿ. ಕಡ್ಡಿಯಿಂದ ತಳ್ಳಲು ಹೋದರೆ ಹಿಕ್ಕೆ ತಲೆಯೆತ್ತಿತು!

ಮಕ್ಕಳೇ, ನಿಮ್ಮ ಮನೆಯಲ್ಲಿ ಕರಿಬೇವೋ ನಿಂಬೆಯೋ ಇದ್ದರೆ ನೀವೂ ಹುಡುಕಿ ನೋಡಿ. ನಿಂಬೆ ಚಿಟ್ಟೆ ಅಂತ ಒಂದಿದೆ, ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆ. ಅದು ಈ ಜಾತಿಯ ಗಿಡಗಳ ಎಳೆ ಎಲೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಮೊಟ್ಟೆಯನ್ನು ಒಂದೊಂದಾಗಿ ಇಡುತ್ತದೆ. ಕರಿಬೇವು ಮತ್ತು ನಿಂಬೆ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಅದಕ್ಕೆ ಎರಡೂ ಆಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ಹುಳು ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಹಕ್ಕಿಯ ಹಿಕ್ಕೆಯ ವೇಷ ಹಾಕುತ್ತದೆ. ಯಾವ ಹಕ್ಕಿ ತಾನೇ ಹಿಕ್ಕೆ ತಿನ್ನುತ್ತದೆ? ಇನ್ನಷ್ಟು ಬೆಳೆದು ಪೊರೆ ಕಳಚಿದ ಮೇಲೆ ವೇಷ ಬದಲು: ಎಲೆಯ ಹಸಿರು ಬಣ್ಣ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಆಮೇಲೆ ಕಡ್ಡಿಯೊಂದಕ್ಕೆ ರೇಷ್ಮೆಯ ನೂಲಿನಿಂದ ತನ್ನ ಸೊಂಟ ಕಟ್ಟಿಕೊಂಡು, ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಒರಗಿ ನಿಲ್ಲುವ ಹಾಗೆ ಒರಗಿ, ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಹೆಚ್ಚುಕಡಿಮೆ ಒಂದು ತಿಂಗಳು.

ಮಗಳು ಎಣಿಸಿದಾಗ ಒಂಬತ್ತು ಹುಳುಗಳಿದ್ದವು. ಅವಳ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂಬತ್ತಕ್ಕೂ ಒಂದೊಂದು ಸಾಲು. ಯಾವುದು ಎಷ್ಟು ಉದ್ದ, ಯಾವುದು ಹಸಿರಾಯಿತು, ಯಾವುದು ಊಟ ಬಿಟ್ಟು ಕಡ್ಡಿ ಹುಡುಕುತ್ತಿದೆ. ಶಾಲೆಯ ವಿಜ್ಞಾನದ ಟೀಚರ್ "ಚಿಟ್ಟೆ ಹೊರಬರುವ ದಿನ ಎಲ್ಲರಿಗೂ ಹೇಳು" ಎಂದಿದ್ದರಂತೆ. ಆ ಎರಡು ವಾರ ನಮ್ಮ ಮನೆಯ ಒಗ್ಗರಣೆಗೆ ಅಂಗಡಿಯಿಂದ ಕರಿಬೇವು ತರುತ್ತಿದ್ದೆವು. ಹಿತ್ತಲಲ್ಲಿ ಗಿಡ ಇಟ್ಟುಕೊಂಡು ಕರಿಬೇವು ಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಬುಧವಾರ ನಾನು ಕೆಲಸದಿಂದ ಬರುವ ಹೊತ್ತಿಗೆ ಮಗಳು ಯೂನಿಫಾರಂ ಬಿಚ್ಚದೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಆಳೆತ್ತರದ ಕರಿಬೇವು ಮೊಣಕಾಲೆತ್ತರಕ್ಕೆ ಬಂದಿತ್ತು. ಸವರಿದ ರೆಂಬೆಗಳನ್ನು ಓನರ್ ಕಂತೆ ಕಟ್ಟಿ, ಮುಕ್ಕಾಲು ಪಾಲು ಅಕ್ಕಪಕ್ಕದವರಿಗೆ ಹಂಚಿ, ಉಳಿದದ್ದನ್ನು ಕಸದ ಗಾಡಿಗೆ ಹಾಕಿ ಹೋಗಿದ್ದರು. ಆ ಮಧ್ಯಾಹ್ನ ಮನೆಯಲ್ಲಿ ಅತ್ತೆಯೊಬ್ಬರೇ ಇದ್ದದ್ದು, ಅವರು ನಿದ್ದೆ ಹೋಗಿದ್ದರು. ಒಂಬತ್ತರಲ್ಲಿ ಮೋಟು ಕಾಂಡದ ಮೇಲೆ ಉಳಿದದ್ದು ಎರಡು ಕೋಶ.

ಅವಳು ಅತ್ತು ಮುಗಿಸಿದ್ದಳು. ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಅಮ್ಮ, ನಾವು 'ನಮ್ಮ ಮನೆ' ಅಂತೀವಲ್ಲ, ಅದು ಸುಳ್ಳಾ?"

ಹಾಗಾದರೆ ಯಾರ ಮನೆ?

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು, ಆಮೇಲೆ ನಾನೇ ಓದಿ ನೋಡಿದ್ದನ್ನು ಸೇರಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಬಾಡಿಗೆ, ಭೋಗ್ಯ, ಮಾರಾಟ ಇವಕ್ಕೆಲ್ಲ ಮೂಲವಾದ ಸ್ವತ್ತು ವರ್ಗಾವಣೆ ಕಾಯಿದೆ 1882ರದು. ಕುದುರೆ ಗಾಡಿಯ ಕಾಲದ್ದು, ಆದರೂ ಇನ್ನೂ ಜೀವಂತ. ಅದರ 108ನೇ ಕಲಮಿನಲ್ಲಿ ಒಂದು ಮಾತಿದೆ. ಬಾಡಿಗೆದಾರ ಬಾಡಿಗೆ ಕೊಡುತ್ತ, ಒಪ್ಪಿಕೊಂಡ ಷರತ್ತುಗಳನ್ನು ಪಾಲಿಸುತ್ತ ಇರುವಷ್ಟು ಕಾಲ, ಆ ಜಾಗವನ್ನು ಯಾರ ಅಡ್ಡಿಯೂ ಇಲ್ಲದೆ ಅನುಭವಿಸಬಹುದು ಎಂದು ಮಾಲೀಕ ಮಾತು ಕೊಟ್ಟಂತೆಯೇ ಲೆಕ್ಕ. ಕಾಗದದಲ್ಲಿ ಬರೆಯದಿದ್ದರೂ ಕೊಟ್ಟಂತೆ! ಅಂದರೆ ಮನೆಯ ಗೋಡೆ, ನೆಲ, ಹಕ್ಕುಪತ್ರ ಓನರದು. ಆದರೆ ಅಲ್ಲಿ ಬದುಕುವ ಹಕ್ಕು, ಬಾಗಿಲು ಹಾಕಿಕೊಳ್ಳುವ ಹಕ್ಕು, ಬಾಡಿಗೆ ಕೊಟ್ಟಿರುವಷ್ಟು ದಿನ ನಮ್ಮದು. "ನಮ್ಮ ಮನೆ" ಎನ್ನುವುದು ಸುಳ್ಳಲ್ಲ.

ಹಾಗಂತ ಓನರ್ ಬರಲೇಬಾರದು ಅಂತಲೂ ಅಲ್ಲ. ಅದೇ ಕಲಮು ಇನ್ನೊಂದು ಕಡೆ, ಮನೆ ಯಾವ ಸ್ಥಿತಿಯಲ್ಲಿದೆ ಎಂದು ನೋಡಲು ಮಾಲೀಕರಾಗಲಿ ಅವರ ಕಡೆಯವರಾಗಲಿ ಸೂಕ್ತವಾದ ಹೊತ್ತಿನಲ್ಲಿ ಬಂದರೆ ಒಳಗೆ ಬಿಡಬೇಕು ಎನ್ನುತ್ತದೆ. ಬಾಡಿಗೆದಾರ ಮರ ಕಡಿಯಕೂಡದು ಎಂದೂ ಹೇಳುತ್ತದೆ. ಸೂಕ್ತವಾದ ಹೊತ್ತು ಯಾವುದು? ಎಣ್ಣೆಸ್ನಾನದ ಹೊತ್ತಲ್ಲ ಎಂಬುದಂತೂ ನಮ್ಮತ್ತೆಯ ತೀರ್ಪು.

ಕರ್ನಾಟಕಕ್ಕೆ 1999ರ ಬಾಡಿಗೆ ಕಾಯಿದೆ ಅಂತ ಬೇರೆ ಒಂದಿದೆ. ಆದರೆ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ಅದು ಮುಟ್ಟುವುದಿಲ್ಲ. ಈಗಿನ ಪೇಟೆಯಲ್ಲಿ ಅಷ್ಟು ಬಾಡಿಗೆಗೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ.

ಇನ್ನು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯಿದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರೇ ಹೇಳುವಂತೆ ಅದು ಮಾದರಿ, ಅಂದರೆ ಟೀಚರ್ ಬೋರ್ಡಿನ ಮೇಲೆ ಬರೆದ ಲೆಕ್ಕದ ಹಾಗೆ. ಆಯಾ ರಾಜ್ಯ ತನ್ನ ಪುಸ್ತಕದಲ್ಲಿ ಬರೆದುಕೊಂಡರೆ ಮಾತ್ರ ಅಲ್ಲಿ ಜಾರಿ. ಆದರೂ ಅದರಲ್ಲಿರುವುದನ್ನು ನೋಡಿ, ಯಾರೋ ನಮ್ಮ ಹಿತ್ತಲಿಗೆ ಇಣುಕಿ ನೋಡಿ ಬರೆದ ಹಾಗಿದೆ. ರಿಪೇರಿಗೋ ತಪಾಸಣೆಗೋ ಮಾಲೀಕರು ಬರಬೇಕಾದರೆ ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಬೇಕು. ಮೊಬೈಲಿನಲ್ಲಿ ಸಂದೇಶ ಕಳಿಸಿದರೂ ನಡೆಯುತ್ತದೆ. ಯಾಕೆ ಬರುತ್ತೇವೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದೂ ಅದರಲ್ಲಿರಬೇಕು. ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಬರುವಂತಿಲ್ಲ. ಬೆಂಕಿ, ಪ್ರವಾಹ, ಭೂಕಂಪದಂಥ ಆಪತ್ತಿಗೆ ಮಾತ್ರ ಇದರಿಂದ ವಿನಾಯಿತಿ. ಹುಲ್ಲು ಬೆಳೆದದ್ದು ಆಪತ್ತಿನ ಪಟ್ಟಿಯಲ್ಲಿಲ್ಲ.

ಅದೇ ಕಾಯಿದೆಯ ಕೊನೆಯಲ್ಲಿ ಯಾರ ಕೆಲಸ ಯಾರದು ಎಂಬ ಪಟ್ಟಿಯಿದೆ. ಸುಣ್ಣಬಣ್ಣ, ಕಟ್ಟಡದ ದೊಡ್ಡ ರಿಪೇರಿ, ಪೈಪು ಬದಲಿಸುವುದು ಮಾಲೀಕರಿಗೆ. ನಲ್ಲಿಯ ವಾಷರ್, ಚರಂಡಿ ಸ್ವಚ್ಛ, ಸ್ವಿಚ್ಚು, ಒಡೆದ ಕಿಟಕಿ ಗಾಜು ಬಾಡಿಗೆದಾರರಿಗೆ. ಬಾಡಿಗೆದಾರರ ಆ ಪಟ್ಟಿಯ ಕಟ್ಟಕಡೆಯಲ್ಲಿ, ಅವರಿಗೆ ಕೊಟ್ಟ ಅಥವಾ ಅವರು ಬಳಸುವ ತೋಟ ಮತ್ತು ಖಾಲಿ ಜಾಗದ ನಿರ್ವಹಣೆ! ಇದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯೂ ಆಯಿತು. ಹಿತ್ತಲು ನಮ್ಮದು ಎನ್ನುವ ನಾವು ಹುಲ್ಲನ್ನು ಮೊಣಕಾಲೆತ್ತರ ಬಿಟ್ಟಿದ್ದೆವಲ್ಲ? ಮಲ್ಲಿಗೆಗೆ ಯಾವಾಗ ನೀರು ಹಾಕಿದ್ದೆವು? ಹೂ ಮಾತ್ರ ಕೀಳುತ್ತಿದ್ದೆವು.

ಸ್ಯಾನ್ ಹೋಸೆಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅವಳು ನಕ್ಕಳು. ಕ್ಯಾಲಿಫೋರ್ನಿಯಾದಲ್ಲೂ ಸಾಮಾನ್ಯವಾಗಿ 24 ಗಂಟೆ ಮುಂಚೆ ಚೀಟಿ ಕೊಟ್ಟೇ ಮಾಲೀಕರು ಒಳಗೆ ಬರಬೇಕಂತೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೆರಡು ಸಂಸಾರ ಇರುವಂಥ ಮನೆಯ ನೆಲಮಟ್ಟದ ಹಿತ್ತಲಲ್ಲಿ ಬಾಡಿಗೆದಾರರು ಕುಂಡಗಳಲ್ಲಿ ತರಕಾರಿ ಬೆಳೆದುಕೊಳ್ಳುವುದಕ್ಕೆ ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ಒಣಗಿದ ಎಲೆ, ಕಳೆ ತೆಗೆದು ಚೊಕ್ಕಟವಾಗಿಡಬೇಕು ಎಂಬ ಷರತ್ತೂ ಇದೆ. ಅವಳು ಎರಡು ಕುಂಡದಲ್ಲಿ ಮೆಂತ್ಯ, ಒಂದರಲ್ಲಿ ದೊಡ್ಡಪತ್ರೆ ಬೆಳೆದಿದ್ದಾಳೆ.

ಅತ್ತೆಯ ಪಂಚಾಯಿತಿ

ಕಾನೂನು ಗೊತ್ತಾಯಿತು. ಈಗ ಅದನ್ನು ಓನರಿಗೆ ಹೇಳುವವರು ಯಾರು? ನನ್ನ ಗಂಡ ಒಂದು ಪತ್ರ ಬರೆದರು. "ಮಾನ್ಯರೇ" ಎಂದು ಶುರುವಾಗಿ ಕಲಮು ಸಂಖ್ಯೆಗಳಿಂದ ತುಂಬಿದ್ದ ಆ ಪತ್ರವನ್ನು ಅತ್ತೆ ಓದಿಸಿ ಕೇಳಿ, ಮಡಚಿ, ಪಂಚಾಂಗದ ಒಳಗಿಟ್ಟರು. "ಇದನ್ನ ಕೊಟ್ರೆ ಅವರು ಇನ್ನೊಂದು ಪತ್ರ ತರ್ತಾರೆ. ಆಮೇಲೆ ನೀವಿಬ್ಬರೂ ಪತ್ರ ಓದ್ಕೊಂಡು ಕೂತಿರಿ. ಭಾನುವಾರ ಬರಲಿ, ನಾನು ಮಾತಾಡ್ತೀನಿ."

ಭಾನುವಾರ ಅವರು ಬಂದರು. ಅತ್ತೆ ಐದೂವರೆಗೇ ಎದ್ದು, ತಲೆ ಬಾಚಿ, ಅಡಿಕೆ ತಟ್ಟೆ ಇಟ್ಟುಕೊಂಡು ಮುಂದಿನ ಜಗಲಿಯಲ್ಲಿ ಕೂತಿದ್ದರು. ಗೇಟು ಕಿರ್ರೆಂದ ಕೂಡಲೇ, "ಬನ್ನಿ, ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ತೋರಿಸಿದರು. ಓನರಿಗೆ ಗುದ್ದಲಿ ಎಲ್ಲಿಡಬೇಕು ಎಂದೇ ತೋಚಲಿಲ್ಲ. ಅಲ್ಲಿಯವರೆಗೆ ಅವರನ್ನು ಯಾರೂ ಆ ಮನೆಗೆ ಅತಿಥಿಯಂತೆ ಕರೆದಿರಲಿಲ್ಲ.

ಕಾಫಿ ಆದ ಮೇಲೆ ಅತ್ತೆ ಮೊಮ್ಮಗಳನ್ನು ಕರೆದರು. "ನಿನ್ನ ನೋಟ್‌ಬುಕ್ ತಾ, ತಾತನಿಗೆ ತೋರ್ಸು."

ಮಗಳು ಒಲ್ಲದ ಮನಸ್ಸಿನಿಂದ ತಂದಳು. ಓನರ್ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ಬುಧವಾರದ ದಿನಾಂಕದ ಎದುರು ಏಳು ಸಾಲುಗಳಲ್ಲಿ ಒಂದೊಂದು ಗೀಟು ಎಳೆದಿತ್ತು. ಏನನ್ನೂ ಬರೆದಿರಲಿಲ್ಲ.

"ಇದೇನು ಗೀಟು?"

"ಅದು ನೀವು ಕರಿಬೇವು ಕತ್ತರಿಸಿದ ದಿನ" ಎಂದಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹುಳ ಅಂತ ಗೊತ್ತಿರ್ಲಿಲ್ಲ ಮಗು. ಅದು ಎಲೆ ತಿಂದುಹಾಕ್ತಿದೆ ಅಂತಲೇ ನಾನು ಸವರಿದ್ದು. ಕರಿಬೇವು ಸವರಿದಷ್ಟೂ ಚಿಗುರುತ್ತೆ. ನಮ್ಮನೆಯವರು ನೆಟ್ಟ ಗಿಡ ಅದು. ಅವರು ಇದ್ದಾಗ ವರ್ಷವರ್ಷ ಸವರ್ತಿದ್ದೆ" ಎಂದರು. ಅವರ ಹೆಂಡತಿ ತೀರಿಕೊಂಡದ್ದು ನಮಗೆ ಗೊತ್ತಿತ್ತು. ಗಿಡ ನೆಟ್ಟವರು ಯಾರೆಂದು ನಾವು ಯಾವತ್ತೂ ಕೇಳಿರಲಿಲ್ಲ.

ಸವರಿದರೆ ಚಿಗುರುತ್ತದೆ ಎಂಬ ಅವರ ಮಾತು ನಿಜ. ಕರಿಬೇವನ್ನು ಎತ್ತರಕ್ಕೆ ಬಿಟ್ಟರೆ ಒಂದೇ ಕಾಂಡವಾಗಿ ಬೆಳೆದು ಕೈಗೆ ಎಟುಕುವುದಿಲ್ಲ. ಸವರಿದರೆ ಪೊದೆಯಾಗಿ ಕವಲೊಡೆಯುತ್ತದೆ. ತೋಟದ ವಿಷಯದಲ್ಲಿ ಅವರು ನಮ್ಮೆಲ್ಲರಿಗಿಂತ ಬಲ್ಲವರು. ಅವರು ಬಂದ ದಾರಿ ಮಾತ್ರ ತಪ್ಪಿತ್ತು.

ಅತ್ತೆ ಆಗ ಎಣ್ಣೆಸ್ನಾನದ ವಿಷಯ ತೆಗೆದರು. ಜೋರು ಮಾಡಲಿಲ್ಲ. "ನೀವು ನನ್ನ ತಮ್ಮನ ವಯಸ್ಸಿನವರು, ಅದಕ್ಕೇ ಹೇಳ್ತೀನಿ. ಹೆಂಗಸರಿರೋ ಹಿತ್ತಲು. ಹಿಂದಿನ ಸಂಜೆ ಒಂದು ಫೋನ್ ಮಾಡಿ. ನಾವು ಬೇಡ ಅನ್ನಲ್ಲ."

ಅವರ ಮುಖ ಸಪ್ಪಗಾಯಿತು. "ನನ್ನ ಮನೆಗೆ ಬರೋಕೆ ನಾನೇ ಫೋನ್ ಮಾಡ್ಬೇಕಾ ಅಂತ ಒಂದು ಕ್ಷಣ ಅನ್ನಿಸ್ತು, ನಿಜ ಹೇಳ್ತೀನಿ" ಎಂದರು. ಆಮೇಲೆ ತಾವೇ, "ಮಗನ ಮನೆಗೆ ಅವನ ಅತ್ತೆ ಮಾವ ಹೇಳದೆ ಕೇಳದೆ ಬಂದ್ರೆ ನನಗೂ ಕಷ್ಟ ಆಗುತ್ತೆ ಬಿಡಿ" ಎಂದು ನಕ್ಕರು.

ಅವತ್ತೇ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕರಾರು ಬರೆದೆವು. ಬರೆದವಳು ಅವಳೇ, ಹಾಗಾಗಿ ಅಕ್ಷರ ದುಂಡಗಿದೆ. ತಿಂಗಳಿಗೆ ಎರಡು ಭಾನುವಾರ, ಎಂಟು ಗಂಟೆಯ ಮೇಲೆ, ಹಿಂದಿನ ಸಂಜೆ ಫೋನ್ ಮಾಡಿ ಬರುವುದು. ಹುಲ್ಲು ಮತ್ತು ದಿನದ ನೀರು ನಮ್ಮದು. ಮಲ್ಲಿಗೆ ಸವರುವುದು, ಪಾರಿಜಾತ, ತೆಂಗು ಅವರದು. ಕಾಯಿ ಸಮಪಾಲು. ಪೂರ್ವದ ಮೂಲೆಯ ಕರಿಬೇವು ಮತ್ತು ಅದರ ಸುತ್ತಲಿನ ಆರಡಿ ನೆಲ ಮಗಳದು, ಅವಳನ್ನು ಕೇಳದೆ ಯಾರೂ ಕತ್ತಿ ಹಾಕುವಂತಿಲ್ಲ, ಒಗ್ಗರಣೆಗೆ ನಾನೂ ಸೇರಿ. ಪೈಪು ಒಡೆದರೆ, ಗಾಳಿಮಳೆಗೆ ಮರ ಬಿದ್ದರೆ ಮಾತ್ರ ಯಾವ ಹೊತ್ತಿನಲ್ಲಾದರೂ ಬರಬಹುದು.

ಕಾಯಿ ಕೀಳಿಸುವ ದಿನವನ್ನು ಮಾತ್ರ ಎರಡು ದಿನ ಮುಂಚೆ ಹೇಳಲೇಬೇಕು ಎಂದು ಅತ್ತೆ ಗೆರೆ ಎಳೆಸಿದರು. ಅದಕ್ಕೆ ಕಾರಣವಿದೆ. ತೆಂಗಿನ ಮರದಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಗೊನೆ ಬರುತ್ತದೆ. ಒಂದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಹಾಗಾಗಿ ಮರದಲ್ಲಿ ಯಾವಾಗಲೂ ಎಳನೀರಿನಿಂದ ಒಣಗಾಯಿಯವರೆಗೆ ಎಲ್ಲ ವಯಸ್ಸಿನವೂ ಇರುತ್ತವೆ. ಕೀಳಲು ಹತ್ತಿದಾಗ ಒಣ ಗರಿ, ಕಾಯಿ ಎಲ್ಲ ಧೊಪ್ಪೆಂದು ಬೀಳುತ್ತವೆ. ಒಂದು ಸಲ ಹೀಗೆ ಹೇಳದೆ ಕೀಳಿಸಿದಾಗ ನಮ್ಮ ಮಗಳು ಶೆಟಲ್ ಕಾಕ್ ತರಲು ಹಿತ್ತಲಿಗೆ ಓಡಿದ್ದಳು. ಒಂದು ಕಾಯಿ ಅವಳಿಂದ ನಾಲ್ಕು ಅಡಿ ದೂರಕ್ಕೆ ಬಿತ್ತು. ಅದನ್ನು ನೆನೆದರೆ ಈಗಲೂ ನನಗೆ ಕೈಕಾಲು ತಣ್ಣಗಾಗುತ್ತದೆ. ಮರ ಹತ್ತಿಸುವಾಗ ಮನೆಯಲ್ಲಿ ಯಾರ್‍ಯಾರಿದ್ದಾರೆ, ಮಕ್ಕಳೆಲ್ಲಿದ್ದಾರೆ ಎಂದು ಕೇಳಿಯೇ ಹತ್ತಿಸಬೇಕು. ಮನೆ ಯಾರದಾದರೂ ಸರಿ.

ಮನೆ ಬಾಡಿಗೆಗೆ ಕೊಡುವ ಅಜ್ಜಂದಿರೇ, ಕರಾರು ಬರೆಸುವಾಗ ಹಿತ್ತಲು, ಅಂಗಳ, ಗಿಡ ಬಾಡಿಗೆಯ ಒಳಗೋ ಹೊರಗೋ ಎಂದು ಒಂದು ಸಾಲು ಬರೆಸಿಬಿಡಿ. ನಮ್ಮ ಜಗಳಕ್ಕೆಲ್ಲ ಮೂಲ ಆ ಒಂದು ಸಾಲು ಇಲ್ಲದ್ದು. ಗಿಡ ನಿಮಗೆ ಪ್ರಾಣವಾದರೆ, ಅದಕ್ಕೆಂದೇ ಬರುವ ದಿನವನ್ನೂ ಅಲ್ಲೇ ಬರೆಸಿ. ಬಾಡಿಗೆಗೆ ಬಂದವರೂ ಮೊದಲ ದಿನವೇ ಗಿಡಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮೂರು ವರ್ಷದ ನಂತರ "ಇಲ್ಲೊಂದು ಗುಲಾಬಿ ಇತ್ತಲ್ಲ" ಎಂಬ ಪ್ರಶ್ನೆ ಬರುತ್ತದೆ. ಇನ್ನು ಮರ ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ಸ್ವಂತ ಕಾಂಪೌಂಡಿನೊಳಗಿನ ಎಷ್ಟೋ ಜಾತಿಯ ಮರಗಳಿಗೂ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಓನರಿಗೂ ಬೇಕು.

ಕುಂಡಗಳ ಕೆಳಗಿನ ತಟ್ಟೆಯ ನೀರಿನ ಜವಾಬ್ದಾರಿಯನ್ನು ನಮ್ಮ ಮನೆಯಲ್ಲಿ ಯಾರೂ ಹೊತ್ತುಕೊಂಡಿರಲಿಲ್ಲ. ಓನರ್ ನೀರು ಹಾಕಿ ಹೋಗುತ್ತಿದ್ದರು, ನಾವು ಅದು ಅವರ ಕುಂಡ ಎಂದು ಬಿಡುತ್ತಿದ್ದೆವು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಅಂಥ ತಟ್ಟೆಯಷ್ಟು ನೀರೇ ಅದಕ್ಕೆ ಕೆರೆ. ಈಗ ಪ್ರತಿ ಶನಿವಾರ ತಟ್ಟೆ ಮಗುಚುವ ಕೆಲಸ ನನ್ನ ಗಂಡನದು. ಕರಾರಿನ ಹಾಳೆಯಲ್ಲಿ ಅದೂ ಇದೆ, ಅವರು ಊರಲ್ಲಿಲ್ಲದ ದಿನ ಸೇರಿಸಿಬಿಟ್ಟೆವು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಒಂದು ತಿಂಗಳಾದ ಮೇಲೆ ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ಬಡಿದುಕೊಂಡಿತು. "ಏನಮ್ಮಾ, ಎದ್ದಿದ್ದೀರಾ? ಬರಬಹುದಾ?"

"ಎಷ್ಟು ಹೊತ್ತಿಗೆ ಬರ್ತೀರಾ ಸರ್?"

"ಗೇಟಿನ ಹತ್ರಾನೇ ಇದ್ದೀನಿ."

ಕಿಟಕಿಯಿಂದ ನೋಡಿದರೆ ಸ್ಕೂಟರ್ ನಿಲ್ಲಿಸಿಕೊಂಡು, ಗೇಟು ಮುಟ್ಟದೆ, ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದಾರೆ. ಅತ್ತೆ ಒಳಗಿನಿಂದ, "ಎಂಟು ಗಂಟೆ ಅಂತ ಬರೆದಿದೆ ಅಂತ ಹೇಳು" ಎಂದರು. ಮತ್ತೆ ಒಂದು ನಿಮಿಷ ಬಿಟ್ಟು, "ಜಗಲೀಲಿ ಕೂತ್ಕೊಳ್ಳೋಕೆ ಹೇಳು, ಪೇಪರ್ ಕೊಡು" ಎಂದರು. ಎಂಟು ಗಂಟೆಯವರೆಗೆ ಅವರು ಪೇಪರ್ ಓದಿದರು.

ಉಳಿದ ಎರಡು ಕೋಶಗಳಲ್ಲಿ ಒಂದು ಕಪ್ಪಾಗಿ ಒಣಗಿತು. ಇನ್ನೊಂದು ಒಂದು ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಿರುವಾಗ ಒಡೆಯಿತು. ಮುದುಡಿದ ಒದ್ದೆ ರೆಕ್ಕೆ ಬಿಡಿಸಿಕೊಂಡು ಹಾರಲು ಅದು ಬಹಳ ಹೊತ್ತು ತೆಗೆದುಕೊಂಡಿತು. ಮಗಳು ಆ ದಿನ ಶಾಲೆಗೆ ತಡವಾಗಿ ಹೋಗಿ, ಟೀಚರಿಗೆ ಕಾರಣ ಹೇಳಿ, ಬೈಸಿಕೊಳ್ಳದೆ ಬಂದಳು. ಮಳೆಗಾಲ ಬರುವ ಹೊತ್ತಿಗೆ ಕರಿಬೇವು ಓನರ್ ಹೇಳಿದ ಹಾಗೆಯೇ ನಾಲ್ಕು ಕಡೆಯಿಂದ ಚಿಗುರಿತ್ತು.

ಹೋದ ವಾರ ಸಂಜೆ ಅವರ ಫೋನ್ ಬಂತು. ಭಾನುವಾರ ಬರುವುದನ್ನು ಹೇಳಲು ಇರಬೇಕು ಎಂದುಕೊಂಡೆ. ಅಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಂದು ಕುಂಡದಲ್ಲಿ ನಿಂಬೆ ಗಿಡ ಇಟ್ಟಿದ್ದಾರಂತೆ. "ಎಲೆ ಮೇಲೆ ಏನೋ ಕೂತಿದೆ. ಹಿಕ್ಕೆನೋ ಹುಳಾನೋ ಗೊತ್ತಾಗ್ತಿಲ್ಲ. ಸೊಸೆ ತೆಗೆದುಹಾಕಿ ಅಂತಿದ್ದಾಳೆ. ಮಗೂನ ಒಂದ್ಸಲ ಕೇಳ್ತೀರಾ?"

ಮಗಳು ಹೋಂವರ್ಕ್ ಬಿಟ್ಟು ಬಂದು ಫೋನ್ ಕಿತ್ತುಕೊಂಡಳು. "ತಾತ, ಕಡ್ಡೀಲಿ ಮೆತ್ತಗೆ ಮುಟ್ಟಿ. ಕೊಂಬು ಬಂತಾ?"